ಒಂದೇ ಕೇಬಲ್ ನೆಟ್, ಎರಡು ಮನೆ: ಹಳೇ ಪಿಸಿಯನ್ನ ಲಿನಕ್ಸ್ ರೂಟರ್ ಮಾಡಿದ್ದೇನೆ, ಬ್ಯಾಂಕ್ ಸೈಟ್ ಮಾತ್ರ ತೆರೀತಿಲ್ಲ

ನಿಟ್ಟುವಳ್ಳಿ_ಮಹಡಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ನಿಟ್ಟುವಳ್ಳಿ. ನಮ್ಮ ಬೀದಿಯ ಕೇಬಲ್‌ನವರ ಫೈಬರ್ ಕನೆಕ್ಷನ್, 200 ಎಂಬಿಪಿಎಸ್ ಪ್ಲಾನ್, ಪಿಪಿಪಿಒಇ ಲಾಗಿನ್ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲೈನ್ ಹತ್ತಿಸೋ ಬಗೆ). ಕೆಳಗೆ ನಾವು, ಮೇಲೆ ಅಣ್ಣನ ಸಂಸಾರ, ಎರಡಕ್ಕೂ ಇದೊಂದೇ ಲೈನ್.

ಒಎನ್‌ಯು ಬಾಕ್ಸನ್ನ (ಫೈಬರ್ ಬಂದು ಸೇರೋ ಕೇಬಲ್‌ನವರ ಡಬ್ಬಿ) ಬ್ರಿಜ್ ಮೋಡ್‌ಗೆ ಹಾಕಿಸಿದೆ, ಅಂದ್ರೆ ಅದು ರೂಟರ್ ಕೆಲಸ ಮಾಡದೆ ಲೈನನ್ನ ಹಾಗೇ ದಾಟಿಸುತ್ತೆ. ಅದರ ವೈರು ಹಳೇ ಐ3 ಪಿಸಿಗೆ (4 ಜಿಬಿ ರ್‍ಯಾಮ್, ಡೆಬಿಯನ್ 12) ಬೋರ್ಡಿನ ಮೇಲಿರೋ ಪೋರ್ಟಿಗೆ ಬರುತ್ತೆ. ಒಳಗಿನ ಕಡೆಗೆ ಒಂದು ಹಳೇ ಪಿಸಿಐ ಲ್ಯಾನ್ ಕಾರ್ಡ್, ಅಲ್ಲಿಂದ ಸ್ವಿಚ್, ಸ್ವಿಚ್‌ನಿಂದ ಎರಡು ವೈಫೈ ಡಬ್ಬಿ. ಫಾರ್ವರ್ಡಿಂಗ್ (ಒಂದು ಕಡೆಯ ಪ್ಯಾಕೆಟ್ ಇನ್ನೊಂದು ಕಡೆ ದಾಟಿಸೋದು) ಆನ್, ಲಿನಕ್ಸ್ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಮಾಸ್ಕರೇಡ್ (ಒಳಗಿನ ಎಲ್ಲ ಸಾಧನಕ್ಕೂ ಹೊರಗೆ ಒಂದೇ ಐಪಿ ತೋರಿಸೋ ನ್ಯಾಟ್) ಇದೆ, ಐಪಿ ಹಂಚೋಕೆ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಮ್.

ರೂಟರ್ ಪಿಸಿ ಮುಂದೆ ಕೂತರೆ ಎಲ್ಲ ಸೈಟೂ ತೆರೆಯುತ್ತೆ. ಲ್ಯಾಪ್‌ಟಾಪ್, ಫೋನಿನಿಂದ ಪಿಂಗ್ ಹೋಗುತ್ತೆ, ಯೂಟ್ಯೂಬ್ ಓಡುತ್ತೆ, ಆದರೆ ಬ್ಯಾಂಕಿನ ಸೈಟು, ಒಂದೆರಡು ಸರ್ಕಾರಿ ಪೋರ್ಟಲ್ಲು ಸುತ್ತುತ್ತಾ ನಿಲ್ಲುತ್ತೆ. ಸ್ಪೀಡ್ 94 ದಾಟಲ್ಲ. ಕರೆಂಟ್ ಹೋಗಿ ಬಂದಮೇಲೆ ಕೆಲವು ಸಲ ನೆಟ್ ತಾನಾಗಿ ಬರಲ್ಲ. ಮೇಲಿನವರು ದೊಡ್ಡ ಡೌನ್‌ಲೋಡ್ ಹಾಕಿದರೆ ಕೆಳಗೆ ವಿಡಿಯೋ ಕಾಲ್ ಕತ್ತರಿಸುತ್ತೆ. ಎಲ್ಲಿಂದ ಶುರು ಮಾಡಲಿ?

ಪಿಜೆ_ಬಡಾವಣೆ:
ಮೊದಲನೇದು ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ) ಸಮಸ್ಯೆ. ಬೇರೆ ಏನೂ ಇರಲ್ಲ.

ಕರ್ನಲ್_ಕಾಕಾ:
ಪಿಜೆ ಹೇಳಿದ್ದು ಸರಿ, ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಈಥರ್ನೆಟ್ ಪ್ಯಾಕೆಟ್ಟಿನ ಒಳಗೆ 1500 ಬೈಟ್ ಜಾಗ. ಪಿಪಿಪಿಒಇ ತನ್ನ ಹೆಡರ್‌ಗೆ 6 ಬೈಟ್, ಪಿಪಿಪಿಗೆ 2 ಬೈಟ್ ತಗೊಳ್ಳುತ್ತೆ. ಉಳಿಯೋದು 1492. ರೂಟರ್ ಪಿಸಿಗೆ ಈ ಲೆಕ್ಕ ಗೊತ್ತು, ಅದು ಸರ್ವರ್‌ಗೆ "ಒಂದು ಸಲಕ್ಕೆ 1452 ಬೈಟ್ ಮಾತ್ರ ಕಳಿಸು" ಅಂತ ಶುರುವಿನಲ್ಲೇ ಹೇಳುತ್ತೆ. ಒಳಗಿನ ಲ್ಯಾಪ್‌ಟಾಪಿಗೆ ಗೊತ್ತಿಲ್ಲ, ಅದು 1460 ಅಂತ ಹೇಳುತ್ತೆ. ಸರ್ವರ್ ಪೂರ್ತಿ 1500ರ ಪ್ಯಾಕೆಟ್ ಕಳಿಸುತ್ತೆ, ಅದು ಪಿಪಿಪಿಒಇ ಲಿಂಕ್ ಹತ್ತಿರ ಬಂದು ಹಿಡಿಸದೆ ಬಿದ್ದುಹೋಗುತ್ತೆ. "ದೊಡ್ಡದಾಯ್ತು, ಚಿಕ್ಕದು ಕಳಿಸು" ಅನ್ನೋ ಐಸಿಎಂಪಿ ಸಂದೇಶ ಸರ್ವರ್‌ಗೆ ತಲುಪಿದರೆ ಎಲ್ಲ ಸರಿಹೋಗುತ್ತೆ. ಬ್ಯಾಂಕು, ಸರ್ಕಾರಿ ಸೈಟುಗಳ ಮುಂದಿನ ಫೈರ್‌ವಾಲ್ ಐಸಿಎಂಪಿಯನ್ನೇ ತಡೆದಿದ್ದರೆ ಸರ್ವರ್ ಅದೇ 1500ನ್ನ ಮತ್ತೆ ಮತ್ತೆ ಕಳಿಸ್ತಾ ಇರುತ್ತೆ. ಪಿಂಗ್ ಪ್ಯಾಕೆಟ್ ಚಿಕ್ಕದು, ಹಾಗಾಗಿ ಹೋಗುತ್ತೆ. ಯೂಟ್ಯೂಬ್ ಹೆಚ್ಚಾಗಿ ಕ್ವಿಕ್ ಅನ್ನೋ ಬೇರೆ ಸಾಗಣೆ ಕ್ರಮ ಬಳಸುತ್ತೆ, ಅದು ತನ್ನ ಪ್ಯಾಕೆಟ್ ಗಾತ್ರವನ್ನ ತಾನೇ ನೋಡ್ಕೊಳ್ಳುತ್ತೆ.

ಪರಿಹಾರ ಒಂದೇ ಸಾಲು. ಎನ್‌ಎಫ್‌ಟೇಬಲ್ಸ್‌ನ ಫಾರ್ವರ್ಡ್ ಚೈನಿನಲ್ಲಿ, ಉಳಿದ ನಿಯಮಗಳಿಗಿಂತ ಮೇಲೆ: "ಟಿಸಿಪಿ ಫ್ಲಾಗ್ಸ್ ಸಿನ್ ಟಿಸಿಪಿ ಆಪ್ಷನ್ ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು". ಕನೆಕ್ಷನ್ ಶುರುವಾಗುವಾಗಲೇ 1460 ಅನ್ನೋದನ್ನ 1452ಕ್ಕೆ ತಿದ್ದುತ್ತೆ. ಐಪಿವಿ6ಗೆ 1432, ಅದನ್ನೂ ಇದೇ ಸಾಲು ನೋಡ್ಕೊಳ್ಳುತ್ತೆ, ಆದರೆ ಟೇಬಲ್ "ಐನೆಟ್" ಬಗೆಯದಾಗಿರಬೇಕು (ಐಪಿವಿ4, ಐಪಿವಿ6 ಎರಡಕ್ಕೂ ಸೇರಿದ್ದು).

ಖಾತ್ರಿ ಮಾಡ್ಕೊಳ್ಳೋಕೆ: ಲ್ಯಾಪ್‌ಟಾಪಿನಿಂದ ಪಿಂಗ್‌ಗೆ ತುಂಡು ಮಾಡಬೇಡ ಅನ್ನೋ ಆಯ್ಕೆ ಹಾಕಿ ಗಾತ್ರ 1464 ಕೊಡಿ. ಹೋಗಬೇಕು, ಯಾಕಂದ್ರೆ 1464ಕ್ಕೆ ಹೆಡರ್ 28 ಸೇರಿದರೆ 1492. 1465 ಕೊಟ್ಟರೆ ಹೋಗಬಾರದು.

ಹರಿಹರ_ಹೊಳೆ:
ಅಷ್ಟೆಲ್ಲ ಯಾಕ್ರೀ, ಡಿಎನ್‌ಎಸ್‌ಮಾಸ್ಕ್‌ನಲ್ಲಿ ಡಿಎಚ್‌ಸಿಪಿ (ಐಪಿ ಹಂಚೋ ವ್ಯವಸ್ಥೆ) ಆಪ್ಷನ್ 26 ಹಾಕಿ ಎಲ್ಲ ಸಾಧನಕ್ಕೂ ಎಂಟಿಯು 1492 ಅಂತ ಕಳಿಸಿದ್ರೆ ಮುಗೀತು.

ಕರ್ನಲ್_ಕಾಕಾ:
@ಹರಿಹರ_ಹೊಳೆ ಮುಗಿಯಲ್ಲ. ವಿಂಡೋಸ್ ಆ ಆಪ್ಷನ್ನನ್ನ ಕೇಳೋದೇ ಇಲ್ಲ. ಟಿವಿ, ಕ್ಯಾಮೆರಾಗಳನ್ನ ನಂಬೋ ಹಾಗಿಲ್ಲ. ತಿದ್ದೋದು ರೂಟರ್‌ನಲ್ಲೇ ಆಗಬೇಕು. ಅಂಗಡಿಯಲ್ಲಿ ಸಿಗೋ ರೂಟರ್‌ಗಳು ಪಿಪಿಪಿಒಇ ಆರಿಸಿದ ಕೂಡಲೇ ಇದನ್ನ ತಾವೇ ಹಾಕ್ಕೊಳ್ಳುತ್ತವೆ, ಅದಕ್ಕೇ ಕೇಬಲ್‌ನವರ ಡಬ್ಬಿಯಲ್ಲಿ ಈ ತೊಂದರೆ ಕಾಣಲ್ಲ.

ಬಾತಿಗುಡ್ಡ:
ಇನ್ನೊಂದು ದಾರಿನೂ ಇದೆ. ಆರ್‌ಎಫ್‌ಸಿ 4638 (ಇಂಟರ್ನೆಟ್ ತಾಂತ್ರಿಕ ದಾಖಲೆ) ಪ್ರಕಾರ ಒಎನ್‌ಯು ಕಡೆಯ ಈಥರ್ನೆಟ್ ಎಂಟಿಯು 1508 ಮಾಡಿದ್ರೆ ಪಿಪಿಪಿಒಇ ಮೇಲೆ ಪೂರ್ತಿ 1500 ಸಿಗುತ್ತೆ. ಆದರೆ ನಿಮ್ಮ ಕಾರ್ಡು, ಒಎನ್‌ಯು, ಆಪರೇಟರ್ ಸರ್ವರ್ ಮೂರೂ ಒಪ್ಪಬೇಕು. ಆಪರೇಟರ್ ಕಡೆ ಇಲ್ಲದಿದ್ದರೆ ಕಾಕಾ ಹೇಳಿದ ಸಾಲೇ ಗಟ್ಟಿ.

ವಿದ್ಯಾನಗರ_ವೈಫೈ:
ಕೇಳ್ತೀನಿ ಅಂತ ಬೇಜಾರಾಗಬೇಡಿ. ಎರಡು ಸಾವಿರದೊಳಗೆ ಗಿಗಾಬಿಟ್ ರೂಟರ್ ಬರುತ್ತೆ, 10 ವಾಟ್ ಕೂಡ ಕುಡಿಯಲ್ಲ. ಹಳೇ ಡೆಸ್ಕ್‌ಟಾಪ್ ಸುಮ್ಮನೆ ಕೂತರೂ 45ರಿಂದ 60 ವಾಟ್. 60 ವಾಟ್ ಹಿಡಿದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯಲ್ಲಿ ಇರೋ ಮನೆಗೆ ಇದು ಸಣ್ಣದಲ್ಲ: 200 ಯೂನಿಟ್ ದಾಟಿದ ತಿಂಗಳು ಬೆಸ್ಕಾಂ ಪೂರ್ತಿ ಬಿಲ್ ಕೊಡುತ್ತೆ. ಕೆಳಗಿದ್ದರೂ ನಿಮ್ಮ ಹಳೇ ಸರಾಸರಿಯ ಮಿತಿಗಿಂತ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು.

ನಿಟ್ಟುವಳ್ಳಿ_ಮಹಡಿ:
ಕಾಕಾ, ಆ ಸಾಲು ಹಾಕಿದೆ, ಬ್ಯಾಂಕ್ ಸೈಟ್ ತಕ್ಷಣ ತೆರೆಯಿತು. ದೊಡ್ಡ ಉಪಕಾರ. 1464 ಹೋಯ್ತು, 1465 ನಿಂತಿತು, ನೀವು ಹೇಳಿದ ಹಾಗೇ.
@ವಿದ್ಯಾನಗರ_ವೈಫೈ ಕರೆಂಟ್ ಲೆಕ್ಕ ಒಪ್ಪಿದೆ. ಆದರೆ ಎರಡು ಮನೆಗೆ ಸರಿಸಮ ಹಂಚೋ ಕೆಲಸ ಆ ಬೆಲೆಯ ರೂಟರ್‌ನಲ್ಲಿ ಆಗುತ್ತಾ?

ಕೇಬಲ್_ಜಂಕ್ಷನ್:
94 ಅನ್ನೋ ಸಂಖ್ಯೆ ನೋಡಿದ್ರೇ ಗೊತ್ತಾಗುತ್ತೆ, ಎಲ್ಲೋ ಒಂದು ಕಡೆ ಲಿಂಕ್ 100 ಎಂಬಿಗೆ ಕಟ್ಟಿಕೊಂಡಿದೆ. 100ರ ಲಿಂಕಿನಲ್ಲಿ ಹೆಡರ್ ಕಳೆದು ಕೈಗೆ ಸಿಗೋದು 94ರ ಆಸುಪಾಸೇ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಕ್ರಿಂಪಿಂಗ್, ಅಂದ್ರೆ ವೈರ್ ತುದಿಗೆ ಪ್ಲಗ್ ಕೂರಿಸೋ ಕೆಲಸ. 100 ಎಂಬಿಗೆ 1, 2, 3, 6 ನಂಬರಿನ ನಾಲ್ಕು ತಂತಿ ಸಾಕು, ಹುಡುಗರು ಬೇಗ ಮುಗಿಸೋಕೆ ಅಷ್ಟನ್ನೇ ಕೂರಿಸ್ತಾರೆ. ಗಿಗಾಬಿಟ್‌ಗೆ ಎಂಟೂ ಬೇಕು. ತಂತಿ ಬಣ್ಣದ ಬಿ ಕ್ರಮ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ.

ಒಎನ್‌ಯು ಪೋರ್ಟೂ ನೋಡಿ. ಎಷ್ಟೋ ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದದ್ದು 100. ವೈರ್ ಯಾವುದರಲ್ಲಿದೆ?

ಬಾತಿಗುಡ್ಡ:
ಊಹೆ ಬೇಡ. ಎರಡೂ ಇಂಟರ್‌ಫೇಸಿಗೆ (ನೆಟ್ ಪೋರ್ಟಿಗೆ) ಈಥ್‌ಟೂಲ್ ಕಮಾಂಡ್ ಓಡಿಸಿ "ಸ್ಪೀಡ್" ಸಾಲು ನೋಡ್ರಿ. ಆಮೇಲೆ ಕಾರ್ಡ್ ಯಾವುದು ಅಂತ ಹೇಳೋ ಎಲ್‌ಎಸ್‌ಪಿಸಿಐ. ಹಳೇ ಪಿಸಿಐ ಕಾರ್ಡ್ ಅಂದ ಕೂಡಲೇ ನನಗೆ ಅನುಮಾನ ಆ ಕಾರ್ಡಿನ ಮೇಲೇ.

ನಿಟ್ಟುವಳ್ಳಿ_ಮಹಡಿ:
ಒಎನ್‌ಯು ಕಡೆ 1000. ಒಳಗಿನ ಕಡೆ 100. ಎಲ್‌ಎಸ್‌ಪಿಸಿಐನಲ್ಲಿ ರಿಯಲ್‌ಟೆಕ್ 8139 ಅಂತಿದೆ.

ಬಾತಿಗುಡ್ಡ:
ಅದೇ. 8139 ಅಂದ್ರೆ 100 ಎಂಬಿ ಕಾರ್ಡು, ಅದರಿಂದ ಹೆಚ್ಚು ಬರೋದೇ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟ್ ಖಾಲಿ ಇದ್ರೆ ರಿಯಲ್‌ಟೆಕ್ 8111 ಅಥವಾ ಸೆಕೆಂಡ್‌ಹ್ಯಾಂಡ್ ಇಂಟೆಲ್ ಗಿಗಾಬಿಟ್ ಕಾರ್ಡ್ ಹಾಕಿ. ಎರಡಕ್ಕೂ ಡ್ರೈವರ್ ಕರ್ನಲ್‌ನಲ್ಲೇ ಇದೆ. ಸ್ಲಾಟ್ ಇಲ್ಲದಿದ್ರೆ ಯುಎಸ್‌ಬಿ 3 ಗಿಗಾಬಿಟ್ ಅಡಾಪ್ಟರ್, 8153 ಚಿಪ್ ಇರೋದು. ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿದರೆ 300 ಎಂಬಿ ಸುತ್ತ ನಿಲ್ಲುತ್ತೆ, ನಿಮ್ಮ ಪ್ಲಾನಿಗೆ ಅದೂ ಸಾಲುತ್ತೆ.

ಕೇಬಲ್_ಜಂಕ್ಷನ್:
ಸರಿ, ಈ ಸಲ ಕಾರ್ಡು. ಆದರೂ ಮೇಲಿನ ಮನೆಗೆ ಎಳೆದ ವೈರಿನ ಎರಡೂ ತುದಿ ಒಮ್ಮೆ ನೋಡಿಬಿಡಿ. ಕಾರ್ಡ್ ಬದಲಾದ ಮೇಲೆ ಮುಂದಿನ ಅಡಚಣೆ ಅಲ್ಲೇ ಸಿಗಬಹುದು. ವೈರು ಶುದ್ಧ ತಾಮ್ರದ್ದಾ, ಅಲ್ಯುಮಿನಿಯಂಗೆ ತಾಮ್ರ ಬಳಿದದ್ದಾ ಅಂತ ತಂತಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ.

ದುರ್ಗದ_ಕಲ್ಲು:
ಚಿತ್ರದುರ್ಗದಿಂದ. ಕರೆಂಟ್ ಹೋಗಿ ಬಂದಾಗ ನೆಟ್ ಬರದೇ ಇರೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಿಜವಾದ ತಲೆನೋವು ಅದು. ಕಾರಣ ಒಂದಲ್ಲ.

ಪಿಪಿಪಿಡಿ (ಪಿಪಿಪಿಒಇ ಡಯಲ್ ಮಾಡೋ ಪ್ರೋಗ್ರಾಮ್) ಸತತ 10 ಸಲ ಸೋತರೆ ಪ್ರಯತ್ನ ನಿಲ್ಲಿಸುತ್ತೆ, ಅದು ಅದರ ಮೂಲ ಸೆಟ್ಟಿಂಗ್. ನಿಮ್ಮ ಮನೆಗೆ ಕರೆಂಟ್ ಬಂದು ಆಪರೇಟರ್ ಕಡೆ ಇನ್ನೂ ಬರದಿದ್ದರೆ ಹತ್ತು ಸೋಲು ಬೇಗ ಮುಗಿಯುತ್ತೆ. ಅದರ ಪೀರ್ಸ್ ಫೈಲಿನಲ್ಲಿ (ಕನೆಕ್ಷನ್ ಸೆಟ್ಟಿಂಗ್ ಇರೋ ಫೈಲ್) ಪರ್ಸಿಸ್ಟ್, ಮ್ಯಾಕ್ಸ್‌ಫೇಲ್ 0, ಹೋಲ್ಡ್‌ಆಫ್ 15 ಹಾಕಿ. ಜೊತೆಗೆ ಎಲ್‌ಸಿಪಿ ಎಕೋ (ಲೈನ್ ಜೀವಂತ ಇದೆಯಾ ಅಂತ ಕೇಳೋ ಸಂದೇಶ) ಇಂಟರ್ವಲ್ 20, ಫೇಲ್ಯೂರ್ 3: ಲೈನ್ ಸತ್ತರೆ ಒಂದು ನಿಮಿಷದಲ್ಲಿ ಗೊತ್ತಾಗಿ ಮತ್ತೆ ಡಯಲ್ ಆಗುತ್ತೆ.

ಮಾಸ್ಕರೇಡ್ ನಿಯಮದಲ್ಲಿ "ಒಐಎಫ್" ಅಂತ ಬರೆದಿದ್ದೀರಾ, "ಒಐಎಫ್‌ನೇಮ್" ಅಂತನಾ? ಇದು ಮುಖ್ಯ. "ಒಐಎಫ್" ಆದರೆ ನಿಯಮ ಲೋಡ್ ಆಗೋ ಹೊತ್ತಿಗೆ ಪಿಪಿಪಿ0 (ಪಿಪಿಪಿಒಇ ಲಾಗಿನ್ ಆದಾಗ ಬರೋ ಇಂಟರ್‌ಫೇಸ್) ಹುಟ್ಟಿರಲೇಬೇಕು. ಬೂಟ್ ಆಗುವಾಗ ಅದು ಇರಲ್ಲ. ಎನ್‌ಎಫ್‌ಟೇಬಲ್ಸ್ ಫೈಲು ಒಂದು ಸಾಲು ತಪ್ಪಿದ್ರೂ ಪೂರ್ತಿ ಬಿಟ್ಟುಬಿಡುತ್ತೆ, ಅಂದ್ರೆ ಮಾಸ್ಕರೇಡೂ ಇಲ್ಲ, ಫೈರ್‌ವಾಲೂ ಇಲ್ಲ. ನೆಟ್ ಬರದೇ ಇರೋದಕ್ಕಿಂತ ಈ ಎರಡನೇದು ಅಪಾಯ. ಎಲ್ಲ ಕಡೆ "ನೇಮ್" ಇರೋ ರೂಪವನ್ನೇ ಬಳಸಿ.

ಇನ್ನು ಬಯಾಸ್‌ನಲ್ಲಿ "ಎಸಿ ಪವರ್ ಲಾಸ್" ಆಯ್ಕೆಯನ್ನ "ಪವರ್ ಆನ್" ಮಾಡಿ, ಇಲ್ಲದಿದ್ದರೆ ಯಾರಾದರೂ ಬಟನ್ ಒತ್ತಬೇಕು.

ಪಿಜೆ_ಬಡಾವಣೆ:
ದುರ್ಗದವರು ಹೇಳಿದ್ದಕ್ಕೆ ಒಂದು ಸೇರಿಸಿ. ಕರೆಂಟ್ ದಿಢೀರ್ ಹೋದಾಗ ಹಳೇ ಸೆಷನ್ ಆಪರೇಟರ್ ಸರ್ವರ್‌ನಲ್ಲಿ ಇನ್ನೂ ಜೀವಂತ ಇರುತ್ತೆ. ಒಂದು ಲಾಗಿನ್‌ಗೆ ಒಂದೇ ಸೆಷನ್ ಅಂತ ಇದ್ದರೆ ಹೊಸದನ್ನ ನಿರಾಕರಿಸುತ್ತೆ, ಲಾಗ್‌ನಲ್ಲಿ ಪಾಸ್‌ವರ್ಡ್ ತಪ್ಪು ಅನ್ನೋ ಹಾಗೆ ಕಾಣುತ್ತೆ. ಪಾಸ್‌ವರ್ಡ್ ಬದಲಾಯಿಸೋಕೆ ಹೋಗಬೇಡಿ, ಕೆಲವು ನಿಮಿಷ ಬಿಟ್ಟರೆ ಸರ್ವರ್ ತಾನೇ ಹಳೇದನ್ನ ಕೈಬಿಡುತ್ತೆ.

ಮೆದೇಹಳ್ಳಿ_ರಸ್ತೆ:
ಹಳೇ ಪಿಸಿ ಅಂದ್ರೆ ಬೋರ್ಡಿನ ಸಿಆರ್2032 ಸೆಲ್ ಸತ್ತಿರೋ ಸಾಧ್ಯತೆ ಜಾಸ್ತಿ. ಕರೆಂಟ್ ಹೋದ ಕೂಡಲೇ ತಾರೀಕು ಹಿಂದಕ್ಕೆ ಹೋಗುತ್ತೆ, ಆ ಪವರ್ ಆನ್ ಸೆಟ್ಟಿಂಗೂ ಅಳಿಸಿಹೋಗುತ್ತೆ. ರೂಟರ್‌ನಲ್ಲಿ ಡಿಎನ್‌ಎಸ್ ಓವರ್ ಟಿಎಲ್‌ಎಸ್ ಅಥವಾ ಡಿಎನ್‌ಎಸ್‌ಸೆಕ್ (ಸೈಟ್ ಹೆಸರಿಂದ ಐಪಿ ಹುಡುಕೋದಕ್ಕೆ ಭದ್ರತೆ ಕೊಡೋವು) ಹಾಕಿದ್ದರೆ ತಪ್ಪು ತಾರೀಕಿನಿಂದ ಸರ್ಟಿಫಿಕೇಟ್ ಅಥವಾ ಸಹಿ ಒಪ್ಪಲ್ಲ, ಹೆಸರು ಬಿಡಿಸೋಕೆ ಆಗಲ್ಲ. ಹೆಸರು ಬಿಡಿಸೋಕೆ ಆಗದಿದ್ರೆ ಸಮಯ ಸರಿಮಾಡೋ ಎನ್‌ಟಿಪಿ ಸರ್ವರೂ ಸಿಗಲ್ಲ. ಎರಡೂ ಒಂದನ್ನೊಂದು ಕಾಯ್ತಾ ಕೂರುತ್ತವೆ. ಹೊಸ ಸೆಲ್ ಹಾಕಿ, ಎನ್‌ಟಿಪಿಗೆ ಒಂದಾದರೂ ಸರ್ವರನ್ನ ಐಪಿ ನಂಬರಿನಿಂದ ಕೊಡಿ.

ಹರಿಹರ_ಹೊಳೆ:
ಡೆಸ್ಕ್‌ಟಾಪ್ ಬಿಟ್ಟು ಹಳೇ ಲ್ಯಾಪ್‌ಟಾಪ್ ಬಳಸಬಹುದಲ್ಲ? 15 ವಾಟ್, ಬ್ಯಾಟರಿನೇ ಯುಪಿಎಸ್. ಆದರೆ ಲ್ಯಾನ್ ಪೋರ್ಟ್ ಒಂದೇ ಇರುತ್ತೆ.

ಬಾತಿಗುಡ್ಡ:
ಒಂದೇ ಪೋರ್ಟ್ ಸಾಕು, ಸ್ವಿಚ್ ವಿಎಲ್ಯಾನ್ (ಒಂದೇ ಸ್ವಿಚ್ಚನ್ನ ಬೇರೆ ಬೇರೆ ಜಾಲವಾಗಿ ಒಡೆಯೋದು) ತಿಳಿದದ್ದಾಗಿರಬೇಕು. ಒಎನ್‌ಯು ಇರೋ ಪೋರ್ಟು ವಿಎಲ್ಯಾನ್ 10, ಮನೆಯ ಪೋರ್ಟುಗಳು ವಿಎಲ್ಯಾನ್ 20, ಲ್ಯಾಪ್‌ಟಾಪ್ ಪೋರ್ಟಿಗೆ ಎರಡೂ ಟ್ಯಾಗ್ ಆಗಿ ಹೋಗಬೇಕು. ಗಿಗಾಬಿಟ್ ಪೋರ್ಟ್ ಎರಡೂ ದಿಕ್ಕಿಗೆ ಒಂದೇ ಹೊತ್ತಿಗೆ ಓಡುತ್ತೆ, 200ರ ಪ್ಲಾನಿಗೆ ಯಾವ ಕೊರತೆಯೂ ಇಲ್ಲ. ಮುಚ್ಚಳ ಮುಚ್ಚಿದರೆ ಮಲಗದ ಹಾಗೆ ಲಿನಕ್ಸ್‌ನ ಲಾಗಿನ್‌ಡಿ ಸೆಟ್ಟಿಂಗ್‌ನಲ್ಲಿ "ಹ್ಯಾಂಡಲ್ ಲಿಡ್ ಸ್ವಿಚ್" ಅನ್ನ "ಇಗ್ನೋರ್" ಮಾಡಿ. ಬ್ಯಾಟರಿ ಸದಾ 100ರಲ್ಲಿ ನಿಂತರೆ ಊದಿಕೊಳ್ಳುತ್ತೆ, ಅದೂ ನಮ್ಮ ಏಪ್ರಿಲ್ ಬಿಸಿಲಲ್ಲಿ. ಚಾರ್ಜ್ ಮಿತಿ ಇಡೋ ಸೌಲಭ್ಯ ಇದ್ದರೆ 80ಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಬ್ಯಾಟರಿ ತೆಗೆದು ಬೇರೆ ಯುಪಿಎಸ್ ಕೊಡಿ. ಒಎನ್‌ಯುಗೂ ಬ್ಯಾಕಪ್ ಬೇಕು ಅನ್ನೋದು ಮರೀಬೇಡಿ. ಅದು ಸಾಮಾನ್ಯವಾಗಿ 12 ವೋಲ್ಟ್, ಚಿಕ್ಕ ಡಿಸಿ ಯುಪಿಎಸ್ ಸಾಕು.

ಕರ್ನಲ್_ಕಾಕಾ:
ಈಗ ಹಂಚಿಕೆ ವಿಷಯ. ಮೇಲೆ ಡೌನ್‌ಲೋಡ್, ಕೆಳಗೆ ಕಾಲ್ ಕಟ್. ಇದು ಸ್ಪೀಡ್ ಕೊರತೆ ಅಲ್ಲ. ಆಪರೇಟರ್ ಕಡೆಯ ಸಾಧನದಲ್ಲಿ ಪ್ಯಾಕೆಟ್ ಕ್ಯೂ ಉದ್ದ ಆಗಿ, ನಿಮ್ಮ ಕಾಲಿನ ಚಿಕ್ಕ ಪ್ಯಾಕೆಟ್ ಡೌನ್‌ಲೋಡಿನ ಹಿಂದೆ ನಿಲ್ಲುತ್ತೆ. ಕ್ಯೂ ನಿಮ್ಮ ಕೈಗೆ ಬರಬೇಕು ಅಂದ್ರೆ ಸ್ಪೀಡನ್ನ ರೂಟರ್‌ನಲ್ಲೇ ಸ್ವಲ್ಪ ಕಡಿಮೆ ಮಾಡಬೇಕು. ಅದಕ್ಕೆ ಕೇಕ್ ಅನ್ನೋ ಕ್ಯೂ ವ್ಯವಸ್ಥೆ ಇದೆ, 2018ರ ಲಿನಕ್ಸ್ ಕರ್ನಲ್ 4.19ರಿಂದ ಒಳಗೇ ಬರುತ್ತೆ.

ಹೊರಹೋಗೋ ಕಡೆ ಪಿಪಿಪಿ0 ಮೇಲೆ: ಬ್ಯಾಂಡ್‌ವಿಡ್ತ್ 180 ಎಂಬಿಟ್, ನ್ಯಾಟ್, ಡ್ಯುಯಲ್ ಎಸ್‌ಆರ್‌ಸಿಹೋಸ್ಟ್, ಓವರ್‌ಹೆಡ್ 44. ಒಳಬರೋದನ್ನ ಐಎಫ್‌ಬಿ ಅನ್ನೋ ಕಾಲ್ಪನಿಕ ಇಂಟರ್‌ಫೇಸಿಗೆ ತಿರುಗಿಸಿ ಅದರ ಮೇಲೆ: 180 ಎಂಬಿಟ್, ನ್ಯಾಟ್, ಡ್ಯುಯಲ್ ಡಿಎಸ್‌ಟಿಹೋಸ್ಟ್, ಇನ್‌ಗ್ರೆಸ್. "ನ್ಯಾಟ್" ಪದ ಬಿಟ್ಟರೆ ಕೇಕ್ ಕಣ್ಣಿಗೆ ಇಡೀ ಮನೆ ಒಂದೇ ಐಪಿ, ಹಂಚಿಕೆನೇ ನಡೆಯಲ್ಲ. 180ರಿಂದ ಶುರು ಮಾಡಿ, ಡೌನ್‌ಲೋಡ್ ಹಾಕಿ ಪಿಂಗ್ ನೋಡ್ತಾ ಐದೈದು ಏರಿಸಿ. ಪಿಂಗ್ ಏರೋಕೆ ಶುರುವಾದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. ರಾತ್ರಿ ಎಂಟರ ಹೊತ್ತಿಗೆ ಅಳೆಯಿರಿ, ಆಪರೇಟರ್ ಲೈನ್ ತುಂಬಿರೋದು ಆಗ. ಆ ಹೊತ್ತಲ್ಲಿ ಸಿಗೋದೇ 150 ಆದರೆ 180ರ ಮಿತಿಯಿಂದ ಪ್ರಯೋಜನ ಇಲ್ಲ.

ದುರ್ಗದ_ಕಲ್ಲು:
ಕಾಕಾ, ಇಲ್ಲೊಂದು ತಕರಾರಿದೆ. ಕೇಕ್ ಸಾಧನಗಳ ನಡುವೆ ಸಮ ಹಂಚುತ್ತೆ, ಮನೆಗಳ ನಡುವೆ ಅಲ್ಲ. ಮೇಲೆ ಹತ್ತು ಫೋನು ಟಿವಿ, ಕೆಳಗೆ ಮೂರು ಇದ್ದರೆ ಎಲ್ಲವೂ ಒಟ್ಟಿಗೆ ಎಳೆಯುವಾಗ ಮೇಲಿನವರಿಗೆ ಹದಿಮೂರರಲ್ಲಿ ಹತ್ತು ಪಾಲು. ಇವರು ಕೇಳಿದ್ದು ಎರಡು ಮನೆಗೆ ಸರಿಸಮ.

ಕರ್ನಲ್_ಕಾಕಾ:
ಸರಿಯಾದ ಮಾತು. ಹಾಗಿದ್ರೆ ಎರಡು ವೈಫೈ ಡಬ್ಬಿಯನ್ನೂ ಆಕ್ಸೆಸ್ ಪಾಯಿಂಟ್ ಮಾಡದೆ ರೂಟರ್ ಮೋಡಿನಲ್ಲೇ ಬಿಡಿ, ವ್ಯಾನ್ ಪೋರ್ಟಿಗೆ ವೈರ್ ಚುಚ್ಚಿ. ಲಿನಕ್ಸ್‌ಗೆ ಕಾಣೋದು ಎರಡೇ ಐಪಿ, ಕೇಕ್ ಅರ್ಧರ್ಧ ಕೊಡುತ್ತೆ. ಒಬ್ಬರು ಬಳಸದಿದ್ದಾಗ ಇನ್ನೊಬ್ಬರಿಗೆ ಪೂರ್ತಿ. ಇದು ಐಪಿವಿ4 ಲೆಕ್ಕ. ಐಪಿವಿ6 ಒಳಗಿನವರೆಗೆ ಹೋದರೆ ಸಾಧನಗಳು ಮತ್ತೆ ಬೇರೆ ಬೇರೆ ಕಾಣುತ್ತವೆ.

ವಿದ್ಯಾನಗರ_ವೈಫೈ:
ಡಬಲ್ ನ್ಯಾಟ್, ಒಂದರ ಹಿಂದೆ ಇನ್ನೊಂದು ನ್ಯಾಟ್! ಅದನ್ನ ತಪ್ಪಿಸೋಕೇ ಅಲ್ವಾ ಬ್ರಿಜ್ ಮೋಡ್ ಮಾಡಿಸಿದ್ದು?

ಕರ್ನಲ್_ಕಾಕಾ:
ಹೊರಗಿನಿಂದ ಒಳಗೆ ಬರೋ ಕೆಲಸ ಇದ್ದರೆ ಡಬಲ್ ನ್ಯಾಟ್ ತೊಂದರೆ. ಪಿಪಿಪಿ0ಗೆ ಸಿಕ್ಕ ಐಪಿ ನೋಡಿ. 100.64ರಿಂದ 100.127ರ ಒಳಗಿದ್ದರೆ ಅದು ಆಪರೇಟರ್ ನ್ಯಾಟ್, ಪೋರ್ಟ್ ಫಾರ್ವರ್ಡ್ ಹೇಗೂ ಆಗಲ್ಲ. ಕ್ಯಾಮೆರಾ ಹೊರಗಿನಿಂದ ನೋಡಬೇಕು ಅಂದ್ರೆ ಐಪಿವಿ6 ಕೇಳಿ, ಇಲ್ಲವಾದರೆ ಹೊರಗೊಂದು ಚಿಕ್ಕ ಸರ್ವರ್‌ಗೆ ವೈರ್‌ಗಾರ್ಡ್ (ವಿಪಿಎನ್) ಸುರಂಗ. ಇಲ್ಲಿ ನಿಜವಾಗಿ ಕಳೆದುಕೊಳ್ಳೋದು ಒಂದೇ, ಕೆಳಗಿನ ಫೋನಿಂದ ಮೇಲಿನ ಟಿವಿಗೆ ಕಾಸ್ಟ್ ಆಗಲ್ಲ.

ಒಳಗಿನ ಐಪಿ ಸಾಲು ಮೂರೂ ಕಡೆ ಬೇರೆ ಬೇರೆ ಇರಲಿ: ಲಿನಕ್ಸ್ 192.168.10, ಕೆಳಗೆ 192.168.20, ಮೇಲೆ 192.168.30.

ಬಾತಿಗುಡ್ಡ:
ಐಪಿವಿ6 ತಗೊಳ್ಳೋದಾದ್ರೆ: ಫಾರ್ವರ್ಡಿಂಗ್ ಆನ್ ಇದ್ದಾಗ ಕರ್ನಲ್ ಹೊರಗಿನ ರೂಟರ್ ಜಾಹೀರಾತನ್ನ (ಆರ್‌ಎ, ಆಪರೇಟರ್ ಕಡೆಯ ರೂಟರ್ ಐಪಿವಿ6 ವಿವರ ಸಾರೋ ಸಂದೇಶ) ಕಿವಿಗೆ ಹಾಕ್ಕೊಳ್ಳಲ್ಲ. ಪಿಪಿಪಿ0ಗೆ "ಆಕ್ಸೆಪ್ಟ್ ಆರ್‌ಎ" 2 ಮಾಡಬೇಕು. ಅದೇ ಪಿಸಿಯಲ್ಲಿ ಡಾಕರ್ (ಪ್ರೋಗ್ರಾಮ್‌ಗಳನ್ನ ಪ್ರತ್ಯೇಕವಾಗಿಟ್ಟು ಓಡಿಸೋ ಸಾಫ್ಟ್‌ವೇರ್) ಹಾಕೋ ಆಸೆ ಇದ್ದರೆ ಅದು ಫಾರ್ವರ್ಡ್ ನೀತಿಯನ್ನ ಡ್ರಾಪ್ ಮಾಡುತ್ತೆ, ಅಂದ್ರೆ ದಾಟೋ ಪ್ಯಾಕೆಟ್ ತಡೆಯುತ್ತೆ ಅನ್ನೋದೂ ಗೊತ್ತಿರಲಿ.

ಮಂಡಿಪೇಟೆ_ಗಲ್ಲಿ:
ವಿಷಯ ಸ್ವಲ್ಪ ಬೇರೆ. ಹೀಗೇ ಪಕ್ಕದ ಮನೆಗೂ ಕೊಟ್ಟು ತಿಂಗಳಿಗೆ ಇಷ್ಟು ಅಂತ ತಗೋಬಹುದಾ?

ಕೇಬಲ್_ಜಂಕ್ಷನ್:
ಬೇಡ. ಕನೆಕ್ಷನ್ ಯಾರ ಹೆಸರಲ್ಲಿದೆಯೋ ಪೊಲೀಸರು ಬರೋದು ಅವರ ಮನೆಗೆ. ದುಡ್ಡು ತಗೊಂಡು ಮರುಮಾರಾಟ ಅಂದ್ರೆ ಲೈಸೆನ್ಸ್ ಕೇಳ್ತಾರೆ, ಆಪರೇಟರ್ ಕರಾರೂ ಒಪ್ಪಲ್ಲ. ಕಾನೂನಿನ ದಾರಿ ಬೇಕಿದ್ರೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಾಣಿ ಯೋಜನೆ ಇದೆ. ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು, ಆದರೆ ನೋಂದಾಯಿತ ಅಗ್ರಿಗೇಟರ್ (ಇಂಥ ಅಂಗಡಿಗಳನ್ನ ಒಗ್ಗೂಡಿಸೋ ಸಂಸ್ಥೆ) ಮೂಲಕ.

ಮೆದೇಹಳ್ಳಿ_ರಸ್ತೆ:
ಅಣ್ಣನ ಮನೆ ಒಂದೇ ಕಟ್ಟಡ, ಅಲ್ಲಿಗೆ ತಾಮ್ರ ಸಾಕು. ಬೇರೆ ಕಟ್ಟಡಕ್ಕೆ ಎಂದೂ ಲ್ಯಾನ್ ವೈರ್ ಎಳೀಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆಯಲ್ಲಿ ಎರಡೂ ಕಡೆಯ ಪೋರ್ಟ್ ಸುಡುತ್ತೆ. ಫೈಬರ್ ಎಳೆದು ಮೀಡಿಯಾ ಕನ್ವರ್ಟರ್ (ಫೈಬರನ್ನ ಲ್ಯಾನ್ ವೈರಿಗೆ ಬದಲಿಸೋ ಡಬ್ಬಿ) ಹಾಕಿ. ಚಪ್ಪಟೆ ಡ್ರಾಪ್ ಕೇಬಲ್‌ನಲ್ಲಿ ಪಕ್ಕಕ್ಕೆ ಉಕ್ಕಿನ ತಂತಿ ಇರುತ್ತೆ, ಗೋಡೆ ಹೊರಗೇ ಅದನ್ನ ಬಿಡಿಸಿ ಕೊಕ್ಕೆಗೆ ಕಟ್ಟಿ, ಒಳಗೆ ತರಬೇಡಿ.

ನಿಟ್ಟುವಳ್ಳಿ_ಮಹಡಿ:
ಹೊಸ ಕಾರ್ಡ್ ಹಾಕಿದೆ, ಒಳಗಿನ ಕಡೆಯೂ 1000. ಕೇಕ್ 185ಕ್ಕೆ ನಿಲ್ಲಿಸಿದ್ದೇನೆ, ಡೌನ್‌ಲೋಡ್ ಓಡ್ತಿರುವಾಗಲೂ ಕಾಲ್ ಕತ್ತರಿಸ್ತಿಲ್ಲ. ಮಾಸ್ಕರೇಡ್ ನಿಯಮದಲ್ಲಿ "ಒಐಎಫ್" ಅಂತಲೇ ಇತ್ತು, ತಿದ್ದಿದೆ. ಇನ್ನು ಮಕ್ಕಳ ಟ್ಯಾಬ್‌ಗೆ ರಾತ್ರಿ 9ಕ್ಕೆ ನೆಟ್ ನಿಲ್ಲಿಸೋದು ಹೇಗೆ?

ಪಿಜೆ_ಬಡಾವಣೆ:
ಐಪಿಟೇಬಲ್ಸ್‌ನ ಟೈಮ್ ಮಾಡ್ಯೂಲ್ ಬಳಸೋದಾದ್ರೆ ಅದು ಯುಟಿಸಿ ಲೆಕ್ಕ, ನಮಗಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 9 ಅಂದ್ರೆ 15:30 ಅಂತ ಬರೀಬೇಕು. ಎನ್‌ಎಫ್‌ಟೇಬಲ್ಸ್‌ನ "ಮೆಟಾ ಅವರ್" ನಮ್ಮ ಸಮಯದಲ್ಲೇ ಬರೀಬಹುದು. ಎರಡರಲ್ಲೂ, ಈಗಾಗಲೇ ನಡೀತಿರೋ ಕನೆಕ್ಷನ್ ನಿಲ್ಲಬೇಕಂದ್ರೆ ಈ ನಿಯಮ "ಎಸ್ಟ್ಯಾಬ್ಲಿಶ್ಡ್" ಸಾಲಿಗಿಂತ ಮೇಲಿರಬೇಕು. ಕಾಕಾ ಹೇಳಿದ ಹಾಗೆ ವೈಫೈ ಡಬ್ಬಿ ರೂಟರ್ ಮೋಡಿನಲ್ಲಿದ್ದರೆ ಟ್ಯಾಬ್ ಅದರ ನ್ಯಾಟ್ ಹಿಂದಿರುತ್ತೆ, ಲಿನಕ್ಸ್‌ಗೆ ಬೇರೆಯಾಗಿ ಕಾಣಲ್ಲ, ಹಾಗಾಗಿ ಆ ಡಬ್ಬಿಯ ಪೇರೆಂಟಲ್ ಕಂಟ್ರೋಲ್‌ನಲ್ಲೇ ಹಾಕೋದು ಸುಲಭ.

ಮಂಡಿಪೇಟೆ_ಗಲ್ಲಿ:
@ಮೆದೇಹಳ್ಳಿ_ರಸ್ತೆ ಅಂಗಡಿಯಿಂದ ಎದುರಿನ ಗೋಡೌನ್‌ಗೆ ಫೈಬರ್ ಎಳೆಸಿ ಒಂದೇ ಎಳೆಯ ಮೀಡಿಯಾ ಕನ್ವರ್ಟರ್ ಎರಡು ತಂದಿದ್ದೇನೆ. ಪವರ್ ಲೈಟ್ ಬರುತ್ತೆ, ಫೈಬರ್ ಲೈಟ್ ಬರಲ್ಲ.

ಮೆದೇಹಳ್ಳಿ_ರಸ್ತೆ:
ಎರಡರ ಲೇಬಲ್ ನೋಡ್ರಿ. ಒಂದು ಎ, ಇನ್ನೊಂದು ಬಿ ಇರಬೇಕು: ಒಂದು 1310 ನ್ಯಾನೋಮೀಟರ್ ಬೆಳಕಲ್ಲಿ ಕಳಿಸಿ 1550ರಲ್ಲಿ ಕೇಳುತ್ತೆ, ಇನ್ನೊಂದು ಅದಕ್ಕೆ ಉಲ್ಟಾ. ಎರಡೂ ಎ ಕೊಟ್ಟಿದ್ದರೆ ಎಂದಿಗೂ ಲಿಂಕ್ ಬರಲ್ಲ, ಒಂದನ್ನ ಬದಲಾಯಿಸಿಕೊಳ್ಳಿ. ಎ ಮತ್ತು ಬಿ ಸರಿ ಇದ್ದರೆ ಕನೆಕ್ಟರ್ ಬಣ್ಣ ನೋಡಿ. ಕನ್ವರ್ಟರ್ ಪೋರ್ಟು ಸಾಮಾನ್ಯವಾಗಿ ನೀಲಿ. ಕೇಬಲ್ ಹುಡುಗರು ಒಎನ್‌ಯುಗೆ ಹಾಕೋ ಹಸಿರು ತುದಿಯನ್ನೇ ಹಾಕಿದ್ದರೆ ಅದರ ಮುಖ ಓರೆ, ನೀಲಿಗೆ ಸರಿಯಾಗಿ ಕೂರಲ್ಲ, ಬೆಳಕು ಸೋರುತ್ತೆ. ಎರಡೂ ತುದಿಗೆ ನೀಲಿ ಹಾಕಿಸಿ. ಲೇಸರ್ ಉರಿಯುವಾಗ ತುದಿಯೊಳಗೆ ಕಣ್ಣಿಟ್ಟು ಮಾತ್ರ ನೋಡಬೇಡಿ.